ಊರಿನ ಕಸುಬಿನ ಮೇಲೆ ಕಡ್ಡಾಯ ಪ್ರಾಜೆಕ್ಟ್: ಬೇಕೆ, ಬೇಡವೆ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಇಂಜಿನಿಯರಿಂಗ್, ಪಾಲಿಟೆಕ್ನಿಕ್, ಐಟಿಐ, ವಾಣಿಜ್ಯ ಮತ್ತು ವಿನ್ಯಾಸ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಸ್ಥಳೀಯ ಉದ್ಯಮವೊಂದರ ಸಮಸ್ಯೆಯ ಮೇಲೆ ಒಟ್ಟಾಗಿ ಅನ್ವಯಿಕ ಸಂಶೋಧನೆ ನಡೆಸುವುದನ್ನು ಕಡ್ಡಾಯಗೊಳಿಸಬೇಕೆ?

ಪರ

ಯಾವುದೇ ಇಂಜಿನಿಯರಿಂಗ್ ಕಾಲೇಜಿನ ವಿಭಾಗದ ಕಪಾಟು ತೆರೆದರೂ ಕಪ್ಪು ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿಸಿದ ಪ್ರಾಜೆಕ್ಟ್ ವರದಿಗಳು ಸಾಲಾಗಿ ಕಾಣುತ್ತವೆ. ಹಾಜರಾತಿ ಆ್ಯಪ್, ನೆಲದ ಗೆರೆ ಹಿಡಿದು ಓಡುವ ರೋಬೋ, ಮುಖ ಗುರುತಿಸಿ ತೆರೆದುಕೊಳ್ಳುವ ಬಾಗಿಲು ಎಂಬ ವಿಷಯಗಳೇ ಹೆಸರು ಬದಲಿಸಿಕೊಂಡು ಮರಳಿ ಬರುತ್ತಿರುತ್ತವೆ. ಕೆಲವನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳಲಾಗಿದೆ ಎಂಬುದು ಮಾರ್ಗದರ್ಶಕರಿಗೂ ಗೊತ್ತಿರುವ ಗುಟ್ಟು.

ಕಲಬುರಗಿಯ ದಾಲ್ ಮಿಲ್ಲೊಂದರ ಅಂಗಳವನ್ನು ಇದರ ಪಕ್ಕಕ್ಕಿಟ್ಟು ನೋಡೋಣ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವೊಂದಿದ್ದು, ಅದು ಸಡಿಲಗೊಳ್ಳದೆ ಸಿಪ್ಪೆ ಬಿಡುವುದಿಲ್ಲ. ಅದಕ್ಕಾಗಿ ಕಾಳನ್ನು ಎಮರಿ ರೋಲರಿನಲ್ಲಿ, ಎಂದರೆ ಒರಟು ಮೈಯ ಉರುಳೆಯಲ್ಲಿ ಗೀರಿ, ಎಣ್ಣೆ ಸವರಿ, ಅಂಗಳದಲ್ಲಿ ಹರವಿ, ದಿನಗಟ್ಟಲೆ ಬಿಸಿಲಿಗೆ ಒಣಗಿಸಿ, ನೀರು ಚಿಮುಕಿಸಿ, ಮತ್ತೆ ಯಂತ್ರಕ್ಕೆ ಹಾಕುತ್ತಾರೆ. ಮೋಡ ಕವಿದರೆ ಕೆಲಸ ನಿಂತಿತು. ಕಾಳಿನಲ್ಲಿ ಬೇಳೆಯ ಭಾಗ ಶೇ 85ರ ಆಸುಪಾಸಿನಲ್ಲಿದ್ದರೂ ಹಳೆಯ ಪದ್ಧತಿಯ ಮಿಲ್ಲುಗಳಲ್ಲಿ ಕೈಗೆ ಸಿಗುವುದು ಶೇ 70ರಿಂದ 75. ಉಳಿದದ್ದು ನುಚ್ಚಾಗಿ, ಪುಡಿಯಾಗಿ, ಹೊಟ್ಟಿನೊಡನೆ ದನದ ಮೇವಿಗೆ ಹೋಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಕದ, ಎಂದರೆ ಊರಿನ ಹೆಸರನ್ನು ಆ ಊರಿನ ಸರಕಿಗೇ ಕಾಯ್ದಿಡುವ ಮಾನ್ಯತೆ ಪಡೆದ ಬೆಳೆಯ ಸ್ಥಿತಿ ಇದು.

ಈ ನಷ್ಟ ಒಂದೇ ಶಾಖೆಯ ಲೆಕ್ಕವಲ್ಲ. ಬಿಸಿಗಾಳಿಯ ಒಣಗಿಸುವ ಯಂತ್ರವನ್ನು ಮೆಕ್ಯಾನಿಕಲ್ ವಿದ್ಯಾರ್ಥಿ ರೂಪಿಸಬಲ್ಲ. ಆದರೆ ಬಿಸಿಲು ಪುಕ್ಕಟೆಯಾಗಿರುವಾಗ ಇಂಧನಕ್ಕೂ ಸಾಲದ ಬಡ್ಡಿಗೂ ಮಿಲ್ಲಿನ ಸಾವ್ಕಾರರು ಯಾಕೆ ಹಣ ಹಾಕಬೇಕು ಎಂಬ ಪ್ರಶ್ನೆಗೆ, ಹೆಚ್ಚಿಗೆ ದೊರೆಯುವ ಬೇಳೆಯ ಬೆಲೆಯನ್ನು ಮುಂದಿಟ್ಟು ಉತ್ತರಿಸಬೇಕಾದವಳು ವಾಣಿಜ್ಯ ಓದುವ ವಿದ್ಯಾರ್ಥಿನಿ. ಹಮಾಲರು ಚೀಲ ಸುರಿಯುವ ಎತ್ತರ, ಧೂಳು ಹಾರುವ ದಿಕ್ಕು, ಯಂತ್ರದ ಸ್ವಿಚ್ಚುಗಳ ಜಾಗ ವಿನ್ಯಾಸದವರ ಪಾಲಿಗೆ ಬರುತ್ತವೆ. ಕೆಟ್ಟಾಗ ಹೊರ ರಾಜ್ಯದ ಮೆಕ್ಯಾನಿಕನಿಗೆ ಕಾಯದಂತೆ ಮಾಡುವುದು ಐಟಿಐ ಹುಡುಗರ ಕೆಲಸ. ಈ ನಾಲ್ವರೂ ಒಂದೇ ಅಂಗಳದಲ್ಲಿ ನಿಂತರೆ ಮಾತ್ರ ಅದು ಅನ್ವಯಿಕ ಸಂಶೋಧನೆ ಎನಿಸೀತು. ಬೇರೆಬೇರೆ ನಿಂತರೆ ನಾಲ್ಕು ವರದಿಗಳಷ್ಟೇ ಆಗುತ್ತವೆ.

ಕಪ್ಪು ಲೋಹದ ಪಾತ್ರೆಗಳಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರಿನ ಬಿದ್ರಿ ಕಾರ್ಖಾನೆಗಳಲ್ಲೂ ಇಂಥ ಕೆಲಸ ಕಾದಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವಾಗ ಏಳುವ ಹೊಗೆ ಇಕ್ಕಟ್ಟಾದ ಕೋಣೆಯಲ್ಲಿ ಎಲ್ಲಿ ಹೋಗುತ್ತದೆ, ಬಗ್ಗಿ ಕುಳಿತು ಬೆಳ್ಳಿಯ ತಂತಿ ಕೂರಿಸುವ ಕುಶಲಕರ್ಮಿಯ ಬೆನ್ನು ಮತ್ತು ಕಣ್ಣು ಎಷ್ಟು ವರ್ಷ ತಾಳುತ್ತವೆ ಎಂಬುದನ್ನು ಅಳೆದು, ಕಡಿಮೆ ಖರ್ಚಿನ ಚಿಮಣಿಯನ್ನೋ ಪೀಠವನ್ನೋ ಮಾಡಿಕೊಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಕಾರ್ಖಾನೆಯ ಗಾಳಿ ಬೆಳಕಿಗೂ ಆ ಹೆಮ್ಮೆಯ ಒಂದು ಪಾಲು ಸಲ್ಲಬೇಕಲ್ಲವೆ?

ಕಡ್ಡಾಯ ಏಕೆ ಎಂಬುದಕ್ಕೆ ಬರೋಣ. ಸ್ವಂತ ಇಚ್ಛೆಯಿಂದ ಮಾಡುವವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ದಶಕಗಳಿಂದ ಇದೆ, ಮತ್ತು ಉತ್ಸಾಹಿಗಳು ಅದನ್ನು ಬಳಸಿಕೊಂಡೂ ಇದ್ದಾರೆ. ಉಳಿದವರನ್ನು ಮುಟ್ಟಲು ಕಡ್ಡಾಯವೇ ಬೇಕು. ಕಡ್ಡಾಯದ ಭಾರ ಬೀಳಬೇಕಾದದ್ದು ವಿದ್ಯಾರ್ಥಿಗಿಂತ ಹೆಚ್ಚಾಗಿ ಕಾಲೇಜಿನ ಮೇಲೆ. ಅಧ್ಯಾಪಕರ ವೇಳಾಪಟ್ಟಿಯಲ್ಲಿ ಮಿಲ್ಲಿಗೆ ಹೋಗುವ ತಾಸುಗಳು ಸೇರಬೇಕು, ಓಡಾಟದ ಖರ್ಚು ಬಜೆಟ್ಟಿನಲ್ಲಿ ಕಾಣಬೇಕು. ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಮೀಸಲಾಗಿ ಸೀಟು ಕೊಟ್ಟಿದೆ, ನೌಕರಿ ಕೊಟ್ಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಕಟ್ಟಡಗಳೂ ಎದ್ದಿವೆ. ಕಟ್ಟಡದ ಒಳಗೆ ನಡೆಯುವ ಓದು ಈ ನೆಲದ ಪ್ರಶ್ನೆಗಳನ್ನು ಎತ್ತಿಕೊಳ್ಳಲಿ ಎಂದು ಕೇಳುವುದು ಅತಿಯಾಯಿತೆ?

ವಿರೋಧ

ದಾಲ್ ಮಿಲ್ಲಿನ ಉದಾಹರಣೆಯನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಕಡ್ಡಾಯದ ವಿರುದ್ಧವೇ ಹೆಚ್ಚು ಬಲವಾಗಿ ಸಾಕ್ಷಿ ಹೇಳುತ್ತದೆ. ಬಿಸಿಲಿನ ಹಂಗಿಲ್ಲದೆ ಬೇಳೆ ಮಾಡುವ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಎಂದೋ ರೂಪಿಸಿದೆ. ಚಿಕ್ಕ ದಾಲ್ ಮಿಲ್ಲನ್ನೂ ತಯಾರಿಸಿಕೊಟ್ಟಿದೆ. ಆದರೂ ಅಂಗಳಗಳಲ್ಲಿ ತೊಗರಿ ಒಣಗುತ್ತಲೇ ಇದೆ. ಇಲ್ಲಿ ಕೊರತೆಯಾಗಿರುವುದು ಸಂಶೋಧನೆಯಲ್ಲ. ಆಫ್ರಿಕಾದಿಂದ, ಮ್ಯಾನ್ಮಾರಿನಿಂದ ಆಮದಾಗುವ ತೊಗರಿಯಿಂದ ಗಂಜಿನ, ಎಂದರೆ ಧಾನ್ಯದ ಪೇಟೆಯ ಧಾರಣೆ ಏರಿಳಿಯುತ್ತಿರುವಾಗ, ಮಿಲ್ಲಿನವರು ಶೇಕಡಾ ಐದಾರರಷ್ಟು ಹೆಚ್ಚುವರಿ ಬೇಳೆಗಿಂತ ಖರೀದಿಯ ಸಮಯದ ಮೇಲೆಯೇ ಕಣ್ಣಿಡುತ್ತಾರೆ. ಅದನ್ನು ಇಪ್ಪತ್ತೊಂದು ವರ್ಷದ ನಾಲ್ವರು ಬದಲಿಸಬಲ್ಲರು ಎನ್ನುವುದು ಆಸೆಯ ಮಾತು.

ಹೊಲದ ಪಂಚಾಂಗವೂ ಕಾಲೇಜಿನ ಪಂಚಾಂಗವೂ ಕೂಡಿ ಬರುವುದಿಲ್ಲ. ಮುಂಗಾರಿಗೆ ಬಿತ್ತಿದ ತೊಗರಿಯ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಮಿಲ್ಲುಗಳಿಗೆ ಬಿಡುವಿಲ್ಲದ ಕೆಲಸ ಶುರುವಾಗುವುದು ಆಮೇಲೆ. ಸೆಮಿಸ್ಟರಿನ ಪರೀಕ್ಷೆಗಳು ಬರುವುದೂ ಆ ಹೊತ್ತಿಗೇ. ಆಡಳಿತದ ತೊಡಕಂತೂ ಇದ್ದೇ ಇದೆ: ಇಂಜಿನಿಯರಿಂಗ್ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ, ಡಿಪ್ಲೊಮಾ ತಾಂತ್ರಿಕ ಶಿಕ್ಷಣ ಇಲಾಖೆಯಲ್ಲಿ, ಐಟಿಐ ಮತ್ತೊಂದು ಇಲಾಖೆಯಲ್ಲಿ. ಒಟ್ಟಾಗಿ ಮಾಡಿದ ಕೆಲಸಕ್ಕೆ ಅಂಕ ಕೊಡುವವರು ಯಾರು?

ನನಗೆ ಹೆಚ್ಚು ಚಿಂತೆಯಿರುವುದು ಬಿದ್ರಿಯ ಬಗ್ಗೆ. ಕಸುಬಿನ ಮನೆಗಳು ಕೆಲವೇ ಇವೆ, ವಿದ್ಯಾರ್ಥಿಗಳು ಸಾವಿರಾರು. ಪ್ರಶ್ನಾವಳಿ ಹಿಡಿದ ತಂಡಗಳು ಪ್ರತಿ ವರ್ಷ ಅದೇ ಉಸ್ತಾದರ, ಎಂದರೆ ನುರಿತ ಕುಶಲಕರ್ಮಿಗಳ ಬಾಗಿಲು ತಟ್ಟಿ, ಅದೇ ಮೂವತ್ತು ಪ್ರಶ್ನೆ ಕೇಳಿ, ಫೋಟೊ ತೆಗೆದುಕೊಂಡು ಹೋಗುತ್ತವೆ. ನಗದಿಗೆ, ತುಂಡಿನ ಲೆಕ್ಕದಲ್ಲಿ ದುಡಿಯುವವನ ಆ ತಾಸುಗಳಿಗೆ ಬೆಲೆ ಕಟ್ಟುವ ಅಂಕಣ ಯಾವ ಪ್ರಾಜೆಕ್ಟ್ ವರದಿಯಲ್ಲೂ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಬಿದ್ರಿಯ ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರ (ಅಮೋನಿಯಂ ಕ್ಲೋರೈಡ್) ಎಂಬ ಲವಣದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಎಂಬುದನ್ನು ಹಿರಿಯ ಕುಶಲಕರ್ಮಿಗಳು ನಾಲಿಗೆಗೆ ತಗುಲಿಸಿ ಹೇಳುತ್ತಾರೆ. ಆ ಮಣ್ಣಿನ ಘಟಕಗಳನ್ನು ವಿಶ್ಲೇಷಿಸಿ ಬದಲಿ ಪುಡಿಯೊಂದನ್ನು ಸಿದ್ಧಪಡಿಸುವುದು ಅಚ್ಚುಕಟ್ಟಾದ ಪ್ರಾಜೆಕ್ಟ್ ಆದೀತು, ಬಹುಮಾನವೂ ಬಂದೀತು. ಆದರೆ 1999ರ ಭೌಗೋಳಿಕ ಸೂಚಕ ಕಾಯ್ದೆ ಕಾಪಾಡುವುದು ಬಿದ್ರಿ ಎಂಬ ಹೆಸರನ್ನು, ಮಾಡುವ ವಿಧಾನವನ್ನಲ್ಲ. ವಿಧಾನ ಒಮ್ಮೆ ಪ್ರಕಟವಾದರೆ, ಯಾವ ಊರಿನ ಕಾರ್ಖಾನೆಯಾದರೂ ಬೇರೆ ಹೆಸರಿನಲ್ಲಿ ಅದೇ ಸರಕನ್ನು ಅಗ್ಗಕ್ಕೆ ಮಾರಬಹುದು. ಅಂಕ ವಿದ್ಯಾರ್ಥಿಗೆ, ನಷ್ಟ ಉಸ್ತಾದರಿಗೆ.

ವಿದ್ಯಾರ್ಥಿಯ ಕಡೆಯಿಂದಲೂ ನೋಡಬೇಕು. ಸುರಪುರದ ಹಳ್ಳಿಯೊಂದರಿಂದ ಬಂದು, ಮನೆತನದಲ್ಲಿ ಮೊದಲ ಇಂಜಿನಿಯರ್ ಆಗಲಿರುವ ಹುಡುಗಿಗೆ ಯಂತ್ರಕಲಿಕೆಯ (ಮಷಿನ್ ಲರ್ನಿಂಗ್) ಪ್ರಾಜೆಕ್ಟೇ ಕೆಲಸದ ಸಂದರ್ಶನದಲ್ಲಿ ಮಾತಾಡಲು ಇರುವ ಬಂಡವಾಳ. ಬೆಂಗಳೂರಿನ ವಿದ್ಯಾರ್ಥಿ ಉಪಗ್ರಹದ ಮೇಲೋ ಕಂಪ್ಯೂಟರ್ ಚಿಪ್‌ನ ಮೇಲೋ ಕೆಲಸ ಮಾಡಬಹುದು, ನೀನು ಮಾತ್ರ ತೊಗರಿ ಬಿಟ್ಟು ಕದಲಬಾರದು ಎಂದರೆ, ಹಿಂದುಳಿದ ಪ್ರದೇಶದ ಹಣೆಪಟ್ಟಿಯನ್ನು ನಾವೇ ಅವಳ ಹಣೆಗೆ ಅಂಟಿಸಿದಂತಾಗುತ್ತದೆ. ಕಪ್ಪು ರಟ್ಟಿನ ವರದಿಗಳ ಬಗ್ಗೆ ಮೇಲಿನ ವಾದಿ ಹೇಳಿದ್ದು ನಿಜ. ಕಡ್ಡಾಯ ಬಂದ ಮೇಲೆ, ದುಡ್ಡಿಗೆ ಪ್ರಾಜೆಕ್ಟ್ ಮಾಡಿಕೊಡುವ ಅದೇ ಅಂಗಡಿಗಳು ದಾಲ್ ಮಿಲ್ಲಿನ ವರದಿಯನ್ನೂ ಮಾರಲು ಇಡುತ್ತವೆ.

ನಮ್ಮ ಭಾಗದಲ್ಲಿ ರೈತರ ಹೊಲ ಮುಟ್ಟಿದ ಸಂಶೋಧನೆಯೇ ಇಲ್ಲವೆಂದಲ್ಲ. ಗಿಡವನ್ನು ಬಾಡಿಸಿ ಒಣಗಿಸುವ ನೆಟೆರೋಗ ತಡೆಯುವ ಟಿಎಸ್-3ಆರ್ ತೊಗರಿ ತಳಿ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದದ್ದು. ಸಂಬಳ ಪಡೆದ ವಿಜ್ಞಾನಿಗಳು ಅದೇ ಬೆಳೆಯ ಮೇಲೆ ಹಂಗಾಮಿನಿಂದ ಹಂಗಾಮಿಗೆ ಆಯ್ಕೆ ನಡೆಸುತ್ತ ಬಂದುದರ ಫಲ ಅದು. ಮಿಲ್ಲಿಗೂ ಬಿದ್ರಿಗೂ ಅಂಥ ನಾಲ್ಕೈದು ಹುದ್ದೆಗಳನ್ನು ಪ್ರದೇಶಾಭಿವೃದ್ಧಿ ಮಂಡಳಿ ಸೃಷ್ಟಿಸಲಿ, ಉಸ್ತಾದರ ಹೊತ್ತಿಗೂ ಅದೇ ಲೆಕ್ಕದಿಂದ ಹಣ ಕೊಡಲಿ. ಮನಸ್ಸಿರುವ ವಿದ್ಯಾರ್ಥಿಗಳು ಅವರ ಕೈಕೆಳಗೆ ಸೇರಿಕೊಳ್ಳಲು ಸುತ್ತೋಲೆಯ ಅಗತ್ಯ ಬೀಳುವುದಿಲ್ಲ.