ಕುಂಬಾರನಿಗೆ ವರುಷ, ಬೆಕ್ಕಿಗೆ ನಿಮಿಷ

ಬೆಂಗಳೂರಿನಲ್ಲಿ 14 ವರ್ಷ ಕಂಪ್ಯೂಟರ್ ಮುಂದೆ ಕುಳಿತು ಬಿಸ್ಕತ್ತಿನ ಪೊಟ್ಟಣಗಳಿಗೆ ಚಿತ್ರ ಬಿಡಿಸುತ್ತಿದ್ದವಳು ನಾನು. ಶನಿವಾರದ ತರಗತಿಯಲ್ಲಿ ಹತ್ತಿಕೊಂಡ ಕುಂಬಾರರ ತಿಗರಿಯ ಹುಚ್ಚು ತಲೆಗೇರಿ, ಕೆಲಸ ಬಿಟ್ಟು, ಹಿರಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದೆ. ಇನ್ನು ಮುಂದೆ ನನ್ನದು ನಿಧಾನದ ಬದುಕು ಎಂದು ಹೊರಡುವಾಗ ಗೆಳತಿಯರಿಗೆಲ್ಲ ಸಾರಿ ಬಂದಿದ್ದೆ. ಈ ವಿಷಯದಲ್ಲಿ ಊರಿನ ಮಳೆ, ಕರೆಂಟು, ಮಂಗ ಮತ್ತು ಬೆಕ್ಕಿನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಿತ್ತು.

ನಾನು ಬಂದದ್ದೇಕೆ ಎಂಬುದನ್ನು ಊರು ಒಂದೇ ವಾರದಲ್ಲಿ ತೀರ್ಮಾನಿಸಿತು. ಕೆಲಸ ಹೋಗಿದೆ ಎಂದು ಕೆಲವರು, ಬೆನ್ನುನೋವಿಗೆ ಮಣ್ಣಿನ ಚಿಕಿತ್ಸೆ ಎಂದು ಕೆಲವರು. ನನ್ನ ಕರೆಂಟಿನ ಆವಿಗೆ ಟೆಂಪೊದಲ್ಲಿ ಬಂದಿಳಿದ ದಿನ ಆಚೆಮನೆಯ ಅಕ್ಕ ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಬಾಗಿಲು ತೆರೆದು ಇಣುಕಿ, "ಬೇಕರಿ ಹಾಕುತ್ತೀರಾ?" ಎಂದು ಕೇಳಿದರು. ಮಡಕೆ ಸುಡಲಿಕ್ಕೆ ಎಂದೆ. ಅವರ ಮುಖ ಸಣ್ಣದಾಯಿತು. ಬೇಕರಿಯಾಗಿದ್ದರೆ ಸಂಜೆಗೆ ಬನ್ನಾದರೂ ಸಿಗುತ್ತಿತ್ತು.

ಮೊದಲ ದೊಡ್ಡ ಕೆಲಸ ಬಂದದ್ದು ಮೇ ಕೊನೆಯಲ್ಲಿ. ಉಡುಪಿಯಲ್ಲಿ ಹೊಸದಾಗಿ ಹೋಟೆಲ್ ತೆರೆಯುತ್ತಿದ್ದವರೊಬ್ಬರು 150 ಮಿಲಿಲೀಟರ್ ಕಾಫಿ ಹಿಡಿಯುವ 100 ಲೋಟ ಬೇಕೆಂದರು. ನಾನು ಬಳಸುವ ಮಣ್ಣು ಒಣಗಿ ಸುಟ್ಟು ಹೊರಬರುವಷ್ಟರಲ್ಲಿ ನೂರಕ್ಕೆ 12 ಪಾಲು ಕುಗ್ಗುತ್ತದೆ. ಅದು ನನಗೆ ಗೊತ್ತಿದ್ದ ಸಂಗತಿಯೇ. ಹಾಗಾಗಿ ಬಹಳ ಜಾಣೆಯಂತೆ 150ಕ್ಕೆ 12 ಪಾಲು ಸೇರಿಸಿ, 168 ಮಿಲಿಲೀಟರ್ ಹಿಡಿಯುವಂತೆ ಲೋಟ ತಿರುಗಿಸತೊಡಗಿದೆ. ಈ ಲೆಕ್ಕ ನೆನಪಿರಲಿ, ಮತ್ತೆ ಬರುತ್ತದೆ.

ಜೂನ್ ಬಂತು. ಕರಾವಳಿಯ ಮಳೆಯನ್ನು ನಾನು ಅದುವರೆಗೆ ಕಿಟಕಿಯ ಪಕ್ಕ ಚಹಾ ಹಿಡಿದು ನೋಡುವ ವಸ್ತುವೆಂದು ತಿಳಿದಿದ್ದೆ. ಅದು ಮನೆಯೊಳಗೆ ಬಂದು ವಾಸಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಉಪ್ಪಿನ ಭರಣಿಯಲ್ಲಿ ನೀರು, ಚಪ್ಪಲಿಯ ಮೇಲೆ ಬೂಷ್ಟು, ಬೆಂಕಿಪೊಟ್ಟಣದ ಕಡ್ಡಿ ಗೀಚಿದರೆ ಬರೀ ಮದ್ದು ಉದುರುವುದು. ಬೆಂಗಳೂರಿನಲ್ಲಿ ನಾಲ್ಕೈದು ದಿನಕ್ಕೆ ಒಣಗುತ್ತಿದ್ದ ಹಸಿ ಲೋಟಗಳು ಇಲ್ಲಿ ಮೂರು ವಾರವಾದರೂ ಆಗ ತಾನೇ ಮಿಂದು ಬಂದವರಂತೆ ಕುಳಿತಿದ್ದವು.

ಹಸಿ ಪಾತ್ರೆ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಕೆನ್ನೆಗೆ ಒತ್ತಿ ನೋಡುವುದು ನಮ್ಮ ಕಸುಬಿನ ರೂಢಿ. ಒಳಗೆ ನೀರಿದ್ದರೆ ತಣ್ಣಗೆ ತಾಗುತ್ತದೆ. ಒಂದು ಮಧ್ಯಾಹ್ನ ಹಾಗೆಯೇ ಒಂದೊಂದು ಲೋಟವನ್ನೂ ಎತ್ತಿ, ಕೆನ್ನೆಗಿಟ್ಟು, ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು ಕೆಳಗಿಡುತ್ತಿದ್ದೆ. ಮೂವತ್ತನೆಯ ಲೋಟದ ಹೊತ್ತಿಗೆ ಕಣ್ಣು ತೆರೆದರೆ ಕಿಟಕಿಯಲ್ಲಿ ಆಚೆಮನೆಯ ಅಕ್ಕ, ಕೈಯಲ್ಲಿ ಪತ್ರೊಡೆಯ ತಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ! ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಬಹಳ ಮೆತ್ತಗಿನ ದನಿಯಲ್ಲಿ, "ಒಬ್ಬರೇ ಇರಬೇಡಿ ಮಾರಾಯ್ತಿ, ಸಂಜೆ ನಮ್ಮ ಮನೆಗೆ ಬನ್ನಿ" ಎಂದು ಹೇಳಿ ಹೋದರು. ಅಂದಿನಿಂದ ವಾರಕ್ಕೆರಡು ಸಲ ತಟ್ಟೆ ಬರುತ್ತಿದೆ. ತಿದ್ದಿ ಹೇಳಿದರೆ ಪತ್ರೊಡೆ ನಿಲ್ಲಬಹುದೆಂದು ನಾನೂ ಸುಮ್ಮನಿದ್ದೇನೆ.

ಹೋಟೆಲಿನ ಉದ್ಘಾಟನೆಯ ದಿನ ಹತ್ತಿರ ಬಂತು. ಕೆನ್ನೆ ಬೇಡವೆಂದರೂ ಕೈ ಕೇಳಲಿಲ್ಲ. 40 ಲೋಟಗಳನ್ನು ಆವಿಗೆಯಲ್ಲಿಟ್ಟು ಬಾಗಿಲು ಹಾಕಿದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಗೋಡೆಯೊಳಗೆ ಸಿಕ್ಕಿಕೊಂಡ ತೇವಕ್ಕೆ ಅಷ್ಟು ಜಾಗ ಕೊಡುವವರು ಯಾರು? ಒಳಗಿನಿಂದ "ಟಪ್" ಎಂದಿತು. ಸ್ವಲ್ಪ ಬಿಟ್ಟು "ಟಪ್, ಟಪ್". ಆಮೇಲೆ ಮದುವೆಮನೆಯ ಮಾಲೆಪಟಾಕಿ. ಕೊನೆಯ ನಾಲ್ಕೈದು ಸದ್ದು ಬಾಕಿಯಿರುವಾಗ ಕರೆಂಟು ಹೋಯಿತು. ಆ ವರ್ಷ ಹೋದ ಕರೆಂಟಿಗೆ ನಾನು ಕೈಮುಗಿದದ್ದು ಅದೊಂದೇ ಸಲ.

ಆ ರಾತ್ರಿ ಮಲಗಿ ಮಾಡಿನ ಹಂಚುಗಳನ್ನೇ ನೋಡಿದೆ. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು ನೇತ್ರಾವತಿ, ಗುರುಪುರ ಹೊಳೆಗಳ ಕಡೆಯ ಜೇಡಿಮಣ್ಣನ್ನು ನಂಬಿ. ಅದೂ ಮಣ್ಣೇ, ಇದೂ ಮಣ್ಣೇ. ಇದೇ ಮಳೆಯ ಕೆಳಗೆ ಅದು ತಲೆಮಾರುಗಟ್ಟಲೆ ಮಲಗಿದೆ, ನನ್ನದಕ್ಕೆ ಒಂದು ರಾತ್ರಿ ಕಳೆಯಲಾಗಲಿಲ್ಲ. ಹೀಗೆ ಹೊಟ್ಟೆಕಿಚ್ಚು ಪಡುತ್ತಿದ್ದಂತೆಯೇ, ಬೆಳಗ್ಗೆ ಮಂಗ ಹಾರಿ ಬಿರುಕು ಬಿಟ್ಟಿದ್ದ ಒಂದು ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಲಾರಂಭಿಸಿತು. ಎದ್ದು ದೀಪ ಹಾಕಿದರೆ ಅದು ಬೀಳುತ್ತಿದ್ದದ್ದು ಉಳಿದ 60 ಲೋಟಗಳನ್ನಿಟ್ಟ ಹಲಗೆಯ ನಟ್ಟನಡುವೆ.

ಚೂರುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು, ಪೆರ್ಡೂರಿನ ಕಡೆ ಇರುವ ಒಬ್ಬ ಕುಲಾಲ ಅಜ್ಜನಲ್ಲಿಗೆ ಹೋದೆ. ಅಜ್ಜ ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ತಿಗರಿ ಮೂಲೆಯಲ್ಲಿ ಗೋಡೆಗೊರಗಿತ್ತು, ಅದರ ಮೇಲೆ ಕೋಳಿ. ಚೂರನ್ನು ತಿರುಗಿಸಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಳೆಗಾಲದಲ್ಲಿ ಮಡಕೆ ಮಾಡಲು ನಿಮಗೆ ಹೇಳಿದವರು ಯಾರು?" ಅವರದು ದೀಪಾವಳಿ ಕಳೆದ ಮೇಲೆ ಶುರುವಾಗಿ ಮೊದಲ ಮಳೆಗೆ ಮುಗಿಯುವ ಕೆಲಸವಂತೆ. ಜೂನಿನಲ್ಲಿ ಗದ್ದೆ, ಎಲೆಯಡಿಕೆ, ನಿದ್ದೆ. ನಿಧಾನದ ಬದುಕನ್ನು ಕಲಿಯಲು ಬೆಂಗಳೂರಿನಿಂದ ಬಂದ ನಾನು ಅದನ್ನು ಬಲ್ಲವರ ಜಗಲಿಯಲ್ಲಿ ಅವಸರದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ.

ಮರ್ಯಾದೆ ಉಳಿಸಿಕೊಳ್ಳಲು ನನ್ನ ಆವಿಗೆಯ ಬಗ್ಗೆ ಹೇಳಿದೆ. 1,220 ಡಿಗ್ರಿವರೆಗೆ ಸುಡುತ್ತೇನೆ ಅಜ್ಜ, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಒಂದು ಹನಿ ನೀರು ಜಿನುಗುವುದಿಲ್ಲ.

"ಹೌದಾ? ಹಾಗಾದರೆ ಮೀನು ಸಾರು ಮಾಡಲಿಕ್ಕೆ ಒಳ್ಳೆಯದು."

"ಇಲ್ಲ, ಒಲೆಯ ಮೇಲೆ ಇಡುವ ಹಾಗಿಲ್ಲ. ಒಡೆಯುತ್ತದೆ."

ಅಜ್ಜ ತಮ್ಮ ಸಾರಿನ ಮಡಕೆಯ ಕಡೆ ನೋಡಿದರು. ಕಟ್ಟಿಗೆಯ ಬೆಂಕಿಯಲ್ಲಿ ನನ್ನದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ ಬೆಂದ ಮಡಕೆ ಅದು. ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದಲೇ ಉರಿಯ ಹೊಡೆತವನ್ನು ತಾಳಿಕೊಳ್ಳುತ್ತದೆ. ಉಗುರಿನಿಂದ ತಟ್ಟಿದರು, ಠಣ್ ಎಂದಿತು. "ಮತ್ತೆ ಅಷ್ಟೆಲ್ಲ ಸುಡುವುದು ಯಾತಕ್ಕೆ?" ಎಂದು ನಿಜವಾದ ಕುತೂಹಲದಿಂದ ಕೇಳಿದರು. ನನ್ನಲ್ಲಿ ಉತ್ತರಗಳಿದ್ದವು. ಆ ಠಣ್ ಸದ್ದಿನ ಎದುರು ಯಾವುದೂ ಬಾಯಿಗೆ ಬರಲಿಲ್ಲ.

ಹೋಟೆಲಿನವರ ಕೈಕಾಲು ಹಿಡಿದು ನವೆಂಬರ್‌ವರೆಗೆ ಗಡುವು ಪಡೆದೆ. ಬಿಸಿಲು ಬಂದ ಮೇಲೆ ಎಲ್ಲವೂ ಸರಿಯಾಯಿತು, ಲೆಕ್ಕವೊಂದನ್ನು ಬಿಟ್ಟು. ಲೋಟ ಕುಗ್ಗುವುದು ಉದ್ದ, ಅಗಲ, ಎತ್ತರ ಮೂರೂ ಕಡೆಯಿಂದ. ಹಾಗೆ ಕುಗ್ಗಿದಾಗ ಒಳಗೆ ಹಿಡಿಯುವ ಕಾಫಿ ಮೂರರಲ್ಲಿ ಸುಮಾರು ಒಂದು ಪಾಲು ಹೋಗುತ್ತದೆ. ನನ್ನ 168, ಆವಿಗೆಯಿಂದ ಹೊರಬಂದಾಗ 114 ಆಗಿತ್ತು. 220ರಿಂದ ಶುರು ಮಾಡಬೇಕಿತ್ತು. ಹೋಟೆಲಿನವರು ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಕ್ಕ, ಇದರಲ್ಲಿ ಕಾಫಿ ಕೊಟ್ಟರೆ ಗಿರಾಕಿಗಳು ತೀರ್ಥ ಎಂದುಕೊಂಡು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತಾರೆ" ಎಂದರು. ಕೃಷ್ಣ ಮಠದ ಊರಿನಲ್ಲಿ ಇದನ್ನು ಬರೀ ತಮಾಷೆ ಎನ್ನುವಂತೆಯೂ ಇರಲಿಲ್ಲ. ಒಳ್ಳೆಯ ಮನುಷ್ಯ, ಕಷಾಯಕ್ಕಾಗುತ್ತದೆ ಎಂದು 50 ಲೋಟ ಇಟ್ಟುಕೊಂಡರು.

ಬೂದಿಯ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಅದರ ಗಾಯ ಇನ್ನೂ ಹಸಿ. ಕಟ್ಟಿಗೆಯ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚು. ಆ ಬಿಸಿಯಲ್ಲಿ ಅದು ಮಣ್ಣಿನೊಡನೆ ಕರಗಿ ತಾನೇ ಗಾಜಿನಂಥ ಲೇಪವಾಗುತ್ತದೆ. ಅಕ್ಕನ ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು, ಎಂಟು ಬಟ್ಟಲುಗಳಿಗೆ ಧಾರಾಳವಾಗಿ ಬಳಿದೆ. ಧಾರಾಳವೇ ತಪ್ಪು. ಲೇಪವೆಲ್ಲ ಜೇನಿನಂತೆ ಕೆಳಗಿಳಿದು, ಎಂಟೂ ಬಟ್ಟಲುಗಳು ಆವಿಗೆಯ ಹಲಗೆಗೆ ಜನ್ಮಜನ್ಮಾಂತರದ ನಂಟು ಬೆಸೆದುಕೊಂಡವು. ಆ ಹಲಗೆಯನ್ನು ಹಾಗೆಯೇ ಅಕ್ಕನಿಗೆ ಕೊಟ್ಟೆ. ಈಗ ಅವರ ಅಂಗಳದಲ್ಲಿ ಎಂಟು ಕೋಳಿಗಳು ಪಂಕ್ತಿಭೋಜನ ಮಾಡುತ್ತವೆ.

ಇನ್ನು ಬೆಕ್ಕು. ಅದು ನನ್ನದಲ್ಲ, ಯಾರದ್ದೂ ಅಲ್ಲ. ಊಟದ ತಟ್ಟೆಗಳನ್ನು ಆಗಷ್ಟೇ ಮಾಡಿ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಒಂದು ರಾತ್ರಿ, ಅಡುಗೆಮನೆಯಿಂದ ಹೊರಬಾಗಿಲಿಗೆ ಅತಿ ಹತ್ತಿರದ ದಾರಿ ಅದೇ ಎಂದು ತೀರ್ಮಾನಿಸಿ ನಡೆದುಕೊಂಡು ಹೋಗಿತ್ತು. ಆರು ತಟ್ಟೆ, ಪ್ರತಿಯೊಂದರಲ್ಲೂ ಅಚ್ಚೊತ್ತಿದ ಹೆಜ್ಜೆ, ಕೊನೆಯದರಲ್ಲಿ ಬಾಲ ಎಳೆದ ಗೆರೆಯೂ ಇತ್ತು. ಮಣ್ಣನ್ನು ಮತ್ತೆ ನಾದುವ ಸೋಮಾರಿತನಕ್ಕೆ ಹಾಗೆಯೇ ಸುಟ್ಟೆ. ನನ್ನ ನಾಲ್ಕು ವರ್ಷದ ಸಾಧನೆಯ ಹೂದಾನಿಗಳನ್ನು ಯಾರೂ ಕೇಳಲಿಲ್ಲ, ಬೆಕ್ಕಿನ ತಟ್ಟೆಗಳು ಎರಡೇ ದಿನದಲ್ಲಿ ಮಾರಾಟವಾದವು. ಮೇಲಿಂದ ಬೆಂಗಳೂರಿನ ಒಬ್ಬರು ಮುಂಗಡ ಕಳಿಸಿ, ಅಂಥದ್ದೇ ಇನ್ನೂ 12 ಬೇಕು, ಹೆಜ್ಜೆ ಸಹಜವಾಗಿರಲಿ ಎಂದು ಬರೆದರು.

ತಟ್ಟೆಗಳನ್ನು ಮಾಡಿ ಸಾಲಾಗಿ ಇಟ್ಟೆ. ಬೆಕ್ಕು ಬಂತು, ಹಲಗೆಯ ತುದಿಯಲ್ಲಿ ಕುಳಿತು, ಬಹಳ ಹೊತ್ತು ಮೈ ನೆಕ್ಕಿಕೊಂಡು, ಕೆಳಗಿಳಿದು ಸುತ್ತಿ ಹೋಯಿತು. ಮರುದಿನ ಬೂತಾಯಿ ತಂದು ಹಲಗೆಯ ಆಚೆ ತುದಿಯಲ್ಲಿಟ್ಟೆ. ಅದು ಕಿಟಕಿಯಿಂದ ನೇರ ಮೀನಿನ ಪಕ್ಕಕ್ಕೆ ಹಾರಿ, ಕಚ್ಚಿಕೊಂಡು, ಬಂದ ದಾರಿಯಲ್ಲೇ ಹಾರಿ ಹೋಯಿತು. ಒಂದು ತಟ್ಟೆಗೂ ಕೂದಲು ಸಹ ತಾಗಲಿಲ್ಲ. ಅರೆ ಒಣಗಿದ ಮೇಲೆ ಅಚ್ಚು ಬೀಳುವುದಿಲ್ಲವಾದ್ದರಿಂದ ತಟ್ಟೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆಳಗ್ಗೆ ತೆಗೆದು, ಮತ್ತೆ ಬೂತಾಯಿ ಇಟ್ಟು, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವುದು ಐದು ದಿನ ನಡೆಯಿತು. ಆರನೆಯ ದಿನ ಬಟ್ಟೆ ತೆಗೆದು ಮೀನು ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಹನ್ನೆರಡೂ ತಟ್ಟೆಗಳ ಮೇಲೆ ಹೆಜ್ಜೆಗಳಿದ್ದವು, ಸಹಜವಾಗಿ, ಅಂದವಾಗಿ, ಮುಂದೆ ಮೂರು ಬೆರಳು, ಹಿಂದೆ ಒಂದು.

ಆಚೆಮನೆಯ ಕೋಳಿ. ಬೆಂಗಳೂರಿನವರಿಗೆ ಫೋಟೊ ಕಳಿಸಿ, ಇದಾದೀತೇ ಎಂದು ಕೇಳಿದ್ದೇನೆ. ಉತ್ತರ ಬಂದಿಲ್ಲ, ಬೆಕ್ಕು ಮಾತ್ರ ದಿನಾ ಬೂತಾಯಿಯ ಹೊತ್ತಿಗೆ ಸರಿಯಾಗಿ ಬರುತ್ತಿದೆ.