ಗ್ರಾಸ್ ಮೋಟಾರು ಎಷ್ಟು ಎಚ್‌ಪಿ?

ಶಿವಮೊಗ್ಗದ ದುರ್ಗಿಗುಡೀಲಿ ಒಂದು ಆಟಿಕೆ ಅಂಗಡಿಗೆ ಹೋಗಿ "ಮೂರು ತಿಂಗಳ ಮಗುಗೆ ಏನಾದ್ರೂ ಕೊಡಪ್ಪ" ಅಂದೆ, ಅಷ್ಟೇ ನಾನು ಮಾಡಿದ ತಪ್ಪು. ಕೌಂಟರಲ್ಲಿದ್ದ ಹುಡುಗ ಮೊಬೈಲಿಂದ ತಲೆ ಎತ್ತಿ "ಫೈನ್ ಮೋಟಾರಾ ಅಂಕಲ್, ಗ್ರಾಸ್ ಮೋಟಾರಾ?" ಅಂದ.

ನನಗೆ ಗೊತ್ತಿರೋ ಮೋಟಾರು ಎರಡೇ. ಒಂದು ತೋಟದ ಬಾವೀದು, 5 ಎಚ್‌ಪಿ, ಇನ್ನೊಂದು ಮನೆ ಟ್ಯಾಂಕಿಗೆ ನೀರೇರಿಸೋ ಅರ್ಧ ಎಚ್‌ಪೀದು. ಗ್ರಾಸ್ ಅಂದಿದ್ದು ಕೇಳಿ ತೋಟದಲ್ಲಿ ಹುಲ್ಲು ಹೊಡಿಯೋ ಮಷೀನಿರಬೇಕು ಅಂದ್ಕೊಂಡು "ಮಗುಗೆ ಮಾರಾಯ, ತೋಟಕ್ಕಲ್ಲ" ಅಂದೆ. ಪಾಪ, ಹುಡುಗ ನಗಲಿಲ್ಲ, ಟ್ರೈನಿಂಗ್ ಆಗಿರಬೇಕು. ಬೆರಳಲ್ಲಿ ಹಿಡಿಯೋದು ಫೈನ್ ಮೋಟಾರು, ಕೈಕಾಲು ಬಡಿಯೋದು ಮಗುಚೋದು ಎಲ್ಲ ಗ್ರಾಸ್ ಮೋಟಾರು, ಕಾಗ್ನಿಟಿವ್ ಬೇಕಂದ್ರೆ ಆ ರ‍್ಯಾಕು, ಸೆನ್ಸರಿ ಮಹಡಿ ಮೇಲೆ ಅಂತ ಬಿಡಿಸಿ ಹೇಳ್ದ. ಅಂದ್ರೆ ಇರೋದು ಒಂದೇ ಮಗು, ಅದನ್ನ ತಾಲೂಕಾಫೀಸ್ ಥರ ನಾಲ್ಕು ಸೆಕ್ಷನ್ ಮಾಡಿ ಹಂಚಿಟ್ಟಿದ್ದಾರೆ, ಒಂದು ಟೇಬಲ್ಲಿಗೆ ಹೋದ್ರೆ ಇನ್ನೊಂದಕ್ಕೆ ಕಳಿಸ್ತಾರೆ.

ಅವನು ತೋರಿಸಿದ ಒಂದು ಡಬ್ಬಿ ಮೇಲೆ "ಪ್ರಾಬ್ಲಮ್ ಸಾಲ್ವಿಂಗ್ ಸ್ಕಿಲ್" ಅಂತ ಬರ್ದಿತ್ತು, 0ಯಿಂದ 12 ತಿಂಗಳಿಗೆ. ಮೂರು ತಿಂಗಳ ಮಗುಗೆ ಇರೋ ಪ್ರಾಬ್ಲಮ್ಮು ಎರಡು, ಹಸಿವು ಮತ್ತೆ ಒದ್ದೆ. ಎರಡನ್ನೂ ಅದು ಬಾಯಿ ತೆಗೆದು ಒಂದೇ ಫಾರ್ಮುಲಾದಲ್ಲಿ ಸಾಲ್ವ್ ಮಾಡ್ಕೊಳುತ್ತೆ, ರಾತ್ರಿ ಎರಡು ಗಂಟೆಗೂ. ಡಬ್ಬಿ ತಿರುಗಿಸಿ ಐಎಸ್‌ಐ ಮಾರ್ಕ್ ಹುಡುಕಿದೆ, ಸಿಗಲಿಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್‌ಐ ಕಡ್ಡಾಯ, ಹೊರಗಿಂದ ತರಿಸಿದ್ದಕ್ಕೂ. ಕೇಳಿದ್ರೆ ಹುಡುಗ "ಇದು ಇಂಪೋರ್ಟೆಡ್ ಅಂಕಲ್, ಅದೆಲ್ಲ ಲೋಕಲ್ ಮಾಲಿಗೆ" ಅಂದ. ಡಬ್ಬಿ ಮೇಲೆ "ಜೀನಿಯಸ್" ಅಂತ ಐದು ಕಡೆ ಇತ್ತು, ಬಣ್ಣದಲ್ಲಿ ಏನಿದೆ ಅಂತ ಒಂದು ಕಡೇನೂ ಇರಲಿಲ್ಲ. ಮಗು ಜೀನಿಯಸ್ ಆಗುತ್ತೋ ಬಿಡುತ್ತೋ, ಬಾಯಿಗೆ ಹಾಕ್ಕೊಳೋದಂತೂ ಗ್ಯಾರಂಟಿ.

ಪಕ್ಕದಲ್ಲೇ ಬಣ್ಣಾನೇ ಇಲ್ಲದ ಒಂದು ಮರದ ಬಳೆ, "ಮಾಂಟೆಸ್ಸೊರಿ" ಅಂತ ಚೀಟಿ ಅಂಟಿಸಿ 1,299 ರೂಪಾಯಿ. ಮಾಂಟೆಸ್ಸೊರಿ ಅಮ್ಮ 1907ರಲ್ಲಿ ರೋಮ್ ಪಟ್ಟಣದ ಬಡವರ ಕೇರೀಲಿ, ಅಪ್ಪ ಅಮ್ಮ ಕೂಲಿಗೆ ಹೋದ ಮಕ್ಕಳಿಗೆ ಅಂತ ಶಾಲೆ ತೆಗೆದೋರು. ಈಗ ಅವರ ಹೆಸರು ಅಂಟಿಸಿದ್ರೆ ಬಣ್ಣ ಹೋಗುತ್ತೆ, ಬದಲಿಗೆ ಒಂದು ಸೊನ್ನೆ ಬರುತ್ತೆ. ಇದೇ ಬಳೇನ ಚನ್ನಪಟ್ಟಣದೋರು ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟು ಕೈಗಿಟ್ರೆ "ಸ್ವಲ್ಪ ಕಡಿಮೆ ಮಾಡ್ಕೊಳಿ" ಅಂತೀವಿ.

ನಾನು ಏನೂ ತಗೊಳ್ದೆ ಬಂದೆ. ತಗೊಳೋ ಅಗತ್ಯಾನೂ ಇರಲಿಲ್ಲ ಅನ್ನಿ, ಯಾಕಂದ್ರೆ ಮನೇಲಿ ಆಗ್ಲೇ ಏಳು ಡಬ್ಬಿ ಬಂದು ಕೂತಿದ್ವು. ತಂಗಿ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಊರು ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಹತ್ರ, ಆಗುಂಬೆಗೆ ಹೋಗೋ ದಾರಿ. ಅವಳ ಗಂಡ ಬೆಂಗಳೂರಲ್ಲಿ ಸಾಫ್ಟ್‌ವೇರು, ರಜೆ ಸಿಗಲ್ಲ, ಹಂಗಾಗಿ ಪ್ರೀತಿನೆಲ್ಲ ಕೊರಿಯರಲ್ಲಿ ಕಳಿಸ್ತಾನೆ. ಕೊರಿಯರಿನೋರು "ಆ ಮಳೇಲಿ ನಮ್ ಗಾಡಿ ಬರಲ್ಲ ಸಾರ್" ಅಂದಿದ್ದಕ್ಕೆ ಎಲ್ಲ ಡಬ್ಬೀನೂ ವಿನೋಬನಗರದ ನಮ್ಮನೆಗೆ ಬರುತ್ತೆ, ಭಾನುವಾರ ನಾನು ಹೊತ್ಕೊಂಡು ಹೋಗ್ಬೇಕು. ಸೋದರಮಾವ ಆದ್ಮೇಲೆ ಅಷ್ಟಾದ್ರೂ ಬೇಡ್ವ.

ಹೋಗ್ತಾ ಸಕ್ರೆಬೈಲು ಹತ್ರ ಒಂದು ಗುಂಡಿಗೆ ಕಾರು ಧಡ್ ಅಂತು, ಹಿಂದಿನ ಸೀಟಲ್ಲಿ ಡಬ್ಬಿಯೊಳಗಿದ್ದ ಆನೆ ತಾನಾಗೇ ಹಾಡಕ್ಕೆ ಶುರು ಮಾಡ್ತು. ಆಚೆ ಕ್ಯಾಂಪಲ್ಲಿ ನಿಜವಾದ ಆನೆಗಳು ತುಂಗೆ ಹಿನ್ನೀರಿಗೆ ಇಳೀತಾ ಇರೋ ಹೊತ್ತು, ಈಚೆ ನನ್ನ ಕಾರಲ್ಲಿ ಗುಲಾಬಿ ಬಣ್ಣದ ಆನೆ ಯುರೋಪಿನ ಹಳೇ ಸಂಗೀತಗಾರ ಮೊಜಾರ್ಟ್‌ನ ಟ್ಯೂನು ಹಾಡ್ತಾ ಇದೆ. ಮಂಡಗದ್ದೆವರೆಗೂ ನಿಲ್ಲಲಿಲ್ಲ.

ಮೊಜಾರ್ಟ್ ಕೇಳಿದ್ರೆ ಮಗು ಬುದ್ಧಿವಂತ ಆಗುತ್ತೆ ಅನ್ನೋದು ಎಲ್ಲಿಂದ ಬಂತು ಅಂದ್ರೆ, 1993ರಲ್ಲಿ ಅಮೆರಿಕದಲ್ಲಿ 36 ಜನ ಕಾಲೇಜು ಹುಡುಗ ಹುಡುಗೀರಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ ಕಾಗದ ಮಡಚಿ ಕತ್ತರಿಸಿದ್ರೆ ಹೆಂಗೆ ಕಾಣುತ್ತೆ ಅನ್ನೋ ಥರದ ಪರೀಕ್ಷೆ ಕೊಟ್ರು, ಸ್ವಲ್ಪ ಚೆನ್ನಾಗಿ ಮಾಡಿದ್ರು, ಕಾಲು ಗಂಟೇಲಿ ಅದೂ ಇಳಿದೋಯ್ತು. ಅದರಲ್ಲಿ ಒಂದು ಎಳೆ ಮಗೂನೂ ಇರಲಿಲ್ಲ. ಐದು ವರ್ಷ ಆಗೋದ್ರೊಳಗೆ, 1998ರಲ್ಲಿ, ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಅವರು ಹುಟ್ಟೋ ಪ್ರತಿ ಮಗುಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡ್ಬೇಕು ಅಂತ ಬಜೆಟಲ್ಲಿ 1,05,000 ಡಾಲರ್ ಕೇಳಿದ್ರು. ನಮ್ಮಲ್ಲಿ ಎಲೆಕ್ಷನ್ನಿಗೆ ಕುಕ್ಕರ್ ಹಂಚೋರನ್ನ ಬೈತೀವಿ, ಕುಕ್ಕರಲ್ಲಿ ಕೊನೇಪಕ್ಷ ಅನ್ನ ಆಗುತ್ತೆ.

ಊರು ಮುಟ್ಟಿದ್ರೆ ಅಲ್ಲಿ ಇನ್ನೊಂದು ಲೋಕ. ನಾಗೊಂದಿಗೆ ಕೆಳಗೆ ಗೋಡೆಗೆ ಒಂದು ಟೈಮ್‌ಟೇಬಲ್ ಅಂಟಿಸಿದ್ರು, ಅಳಿಯ ಎಕ್ಸೆಲ್ಲಲ್ಲಿ ಮಾಡಿ ಕಳಿಸಿದ್ದು, ತಂಗಿ ತೀರ್ಥಹಳ್ಳೀಲಿ ಪ್ರಿಂಟ್ ತೆಗೆಸಿದ್ದು. 9.00ಕ್ಕೆ ಟಮ್ಮಿ ಟೈಮು, 9.10ಕ್ಕೆ ವಿಶುವಲ್ ಟ್ರ್ಯಾಕಿಂಗು, 9.20ಕ್ಕೆ ಸೆನ್ಸರಿ ಪ್ಲೇ. ಹೆಸರು ಕೇಳಿ ಹೆದರ್ಬೇಡಿ, ಟಮ್ಮಿ ಟೈಮು ಅಂದ್ರೆ ಬೋರಲು ಮಲಗಿಸೋದು. ವಿಶ್ವ ಆರೋಗ್ಯ ಸಂಸ್ಥೆಯೋರು 2019ರಲ್ಲಿ ಹೇಳಿದ್ದು ಸರಿಯಾಗೇ ಇದೆ, ಇನ್ನೂ ಅಂಬೆಗಾಲಿಡದ ಮಗುನ ಎಚ್ಚರ ಇದ್ದಾಗ ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆಯಾದ್ರೂ ಬೋರಲು ಮಲಗಿಸಿ, ವರ್ಷ ತುಂಬೋವರೆಗೂ ಸ್ಕ್ರೀನ್ ತೋರಿಸ್ಲೇಬೇಡಿ ಅಂತ. ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ, ಮೊದಲನೇದಕ್ಕೆ ಚಾಪೆ, ಎರಡನೇದಕ್ಕೆ ಸಂಯಮ. ಆದ್ರೆ ನಮ್ಮಳಿಯ ಮೊದಲನೇದಕ್ಕೆ ನೀರು ತುಂಬಿಸೋ ಮೀನಿನ ಮ್ಯಾಟ್ ತರಿಸಿದ್ದಾನೆ, ಎರಡನೇದು ಸರಿಯಾಗಿ ಪಾಲಿಸ್ತಿದ್ದಾರಾ ಅಂತ ದಿನಕ್ಕೆ ಎರಡು ಸಲ ವಿಡಿಯೋ ಕಾಲಲ್ಲಿ ಮಗುಗೇ ಮುಖ ತೋರಿಸಿ ಚೆಕ್ ಮಾಡ್ತಾನೆ.

ತಂಗಿಯ ಅತ್ತೆ, 82ರ ಅಜ್ಜಿ, ಟೈಮ್‌ಟೇಬಲ್ ನೋಡಿ "ಇದ್ಕೆ ಪರೀಕ್ಷೆ ಯಾವಾಗ್ವ?" ಅಂತ ಕೇಳ್ತಂತೆ.

ಒಂದು ಡಬ್ಬೀಲಿ ಕಪ್ಪು ಬಿಳಿ ಕಾರ್ಡುಗಳು, ಹದಿನೆಂಟು. ಇದರ ಹಿಂದಿರೋ ವಿಷ್ಯ ಸುಳ್ಳಲ್ಲ. ಹುಟ್ಟಿದ ಮಗುಗೆ ಸುಮಾರಾಗಿ ಕಾಣೋದು ಒಂದು ಅಡಿ ದೂರದವರೆಗೆ, ಹಾಲು ಕುಡೀತಾ ಅಮ್ಮನ ಮುಖ ಎಷ್ಟು ದೂರ ಇರುತ್ತೋ ಅಷ್ಟು, ಬಣ್ಣಕ್ಕಿಂತ ಕಪ್ಪು ಬಿಳುಪಿನ ಅಂಚು ಬೇಗ ಕಣ್ಣಿಗೆ ಹಿಡಿಯುತ್ತೆ. ಆದ್ರೆ ಮಲೆನಾಡಿನ ಮನೇಲಿ ಕಪ್ಪು ಬಿಳುಪಿಗೆ ಬರವಾ? ಹೊಗೆ ಹಿಡಿದ ಕರೀ ಜಂತಿ, ನಡುವೆ ಒಂದು ಬೆಳಕಿನ ಗಾಜಿನ ಹೆಂಚು. ಕಿಟಕಿಯ ಮರದ ಸರಳು, ಆಚೆ ಬೆಳ್ಳಗೆ ಮಳೆ. ಸಾಗರ ಸೊರಬದ ಕಡೆ ದೀವರ ಮನೆ ಗೋಡೆ ಮೇಲಂತೂ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಹೆಂಗಸರು ಎಳೆದ ಹಸೆ ಚಿತ್ತಾರ, ಒಂದೊಂದು ಗೆರೇನೂ ಎಣಿಸ್ಬೋದು. ಅಳಿಯನ ಬೆಂಗಳೂರು ಫ್ಲಾಟಲ್ಲಿ ಆ ಚಿತ್ತಾರ ಇದೆ, ಫ್ರೇಮ್ ಹಾಕಿ ಲೈಟ್ ಬಿಟ್ಟು ಸೋಫಾ ಮೇಲೆ ನೇತಾಕಿದ್ದಾರೆ, ಬಂದೋರಿಗೆ ತೋರಿಸಕ್ಕೆ. ಮಗುಗೆ ಮಾತ್ರ ಕಾರ್ಡು.

ಅದೂ ಅಲ್ದೆ ಕಾರ್ಡ್ ಬಂದಿದ್ದು ಲೇಟು. ಮೂರು ತುಂಬಿ ನಾಲ್ಕಕ್ಕೆ ಬಿದ್ದ ಮಗುಗೆ ಬಣ್ಣ ಕಾಣಕ್ಕೆ ಶುರುವಾಗಿದೆ, ಸಿಲೆಬಸ್ಸೇ ಬದಲಾಗಿದೆ. ತಂಗಿ ಮಗಳು ಪಾಪ ಒಂದೊಂದೇ ಕಾರ್ಡ್ ಹಿಡಿದು "ನೋಡು ಬಂಗಾರಿ, ಜೀಬ್ರಾ" ಅಂತಿದ್ರೆ ಮಗು ಜೀಬ್ರಾ ಕಡೆ ಕಣ್ಣೂ ಹಾಯಿಸ್ತಿಲ್ಲ, ತನ್ನ ಎಡಗೈ ಮುಷ್ಟಿನ ಮುಖದ ಮುಂದೆ ಹಿಡ್ಕೊಂಡು ನೋಡ್ತಾ ಇದೆ. ನಾನು ಕಾಫಿ ಕುಡಿದು ಮುಗಿಸೋವರೆಗೂ ನೋಡ್ತು. ಮುಷ್ಟಿ ಬಿಚ್ಚುತ್ತೆ, ಒಂದು ಬೆರಳು ಮೇಲೆ ಬರುತ್ತೆ, ಅದನ್ನ ನೋಡಿ ಹುಬ್ಬು ಗಂಟಾಕುತ್ತೆ, ಯಾರದಪ್ಪ ಇದು ಅನ್ನೋ ಥರ, ಆಮೇಲೆ ಮುಷ್ಟಿ ಪೂರ್ತಿ ಬಾಯಿಗೆ, ಅರ್ಧಕ್ಕೆ ಸಿಕ್ಕಾಕ್ಕೊಂಡು ಮೂಗಿಗೆ ಜೊಲ್ಲು. ಮತ್ತೆ ಹೊರಗೆ ತೆಗೆದು ಮೊದಲಿಂದ.

"ಮಾವ, ಇದು ಕಾನ್ಸನ್‌ಟ್ರೇಟೇ ಮಾಡಲ್ಲ" ಅಂದ್ಲು ತಂಗಿ ಮಗಳು.

ಇನ್ನೊಂದು ಡಬ್ಬೀಲಿ ವಾಕರ್, ಗಾಲಿ ಇರೋದು. ಇನ್ನೂ ಕೂರಕ್ಕೇ ಬರಲ್ಲ, ಆದ್ರೆ ಆಫರ್ ಇತ್ತಂತೆ. ಕೆನಡಾ ದೇಶದಲ್ಲಿ 2004ರಿಂದ ಈ ವಾಕರ್ ಮಾರೋದೇ ನಿಷೇಧ, ಹಳೇದನ್ನೂ ಮಾರೋ ಹಂಗಿಲ್ಲ, ಮಕ್ಕಳು ಅದರ ಸಮೇತ ಮೆಟ್ಟಿಲಿಂದ ಉರುಳ್ತಿದ್ವು ಅಂತ. ತಂಗಿ ಮನೆ ನೋಡಿದ್ರೆ ಕೋಣೆಗೊಂದು ಎತ್ತರದ ಹೊಸಿಲು, ಜಗಲಿಯಿಂದ ಅಂಗಳಕ್ಕೆ ನಾಲ್ಕು ಮೆಟ್ಟಿಲು, ಅಂಗಳದಲ್ಲಿ ಪಾಚಿ. ಇದನ್ನ ಹೇಳಿದ್ರೆ ಅಜ್ಜಿ "ಹಂಗೆ ಹೇಳಪ್ಪಿ, ಈಗಿನೋರಿಗೆ ಎಂತದೂ ಗೊತ್ತಾಗಲ್ಲ" ಅಂತ ನನ್ನ ಪಕ್ಷ ಸೇರ್ತು, ಸೇರಿದ್ದೇ ತಡ ಸೆರಗಿನ ಗಂಟಿಂದ ಒಂದು ಚಾಲಿ ಅಡಿಕೆ ತೆಗೆದು "ಆಡ್ಕೊಳ್ಳಿ, ತೋಟದ ಕೂಸು" ಅಂತ ಮಗು ಕೈಗಿಡಕ್ಕೆ ಹೋಯ್ತು. ಹಳೇ ಕಾಲದೋರೆಲ್ಲ ಸರಿ ಅಂತ ನಾನೇನು ಬರಿಯಕ್ಕೆ ಹೊರಟಿಲ್ಲ, ಇದು ನೋಡಿ. ಎಲ್ಲಾರೂ ಒಟ್ಟಿಗೆ ಕೂಗಿದ್ವಿ.

ಆಮೇಲೆ ಶುರುವಾಯ್ತು ಚರ್ಚೆ, ಎಷ್ಟು ದೊಡ್ಡ ಸಾಮಾನು ಕೊಡ್ಬೋದು ಅಂತ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಅಳತೆ ಕೊಳವೆ ಇರುತ್ತೆ, ಅಡ್ಡಗಲ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿಯೋ ತುಂಡು ಗಂಟಲಿಗೆ ಸಿಕ್ಕಾಕ್ಕೊಳುತ್ತೆ ಅಂತ ಲೆಕ್ಕ. ಮನೇಲಾದ್ರೆ ಟಾಯ್ಲೆಟ್ ಪೇಪರಿನ ರೋಲಲ್ಲಿ ಪರೀಕ್ಷೆ ಮಾಡಿ ಅಂತ ಅಳಿಯ ಮೆಸೇಜ್ ಹಾಕಿದ್ದ. ಮೇಗರವಳ್ಳೀಲಿ ಆ ರೋಲು ಎಲ್ಲಿಂದ ತರೋದು. ಇಷ್ಟೊತ್ತೂ ಒಂದು ಮಾತಾಡ್ದೆ ಕವಳ ಹಾಕ್ಕೊಂಡು ಕೂತಿದ್ದ ನಮ್ಮ ಭಾವ ಎದ್ದು ಕೊಟ್ಟಿಗೆ ಕಡೆ ಹೋಗಿ ಮೋಟಾರಿನ ಪೈಪಿನ ಒಂದು ತುಂಡು ತಂದ್ರು, ಒಂದೂಕಾಲಿಂಚಿಂದು. ಹೆಚ್ಚುಕಡಿಮೆ ಅದೇ ಅಳತೆ! ಜಗಲಿ ಮೇಲೆ ಪೈಪ್ ನೆಟ್ಟಗೆ ಹಿಡಿದು ಒಂದೊಂದೇ ಹಾಕ್ತಾ ಬಂದ್ರು. ಅಡಿಕೆ, ಟಕ್ ಅಂತ ಕೆಳಗೆ. ಅಜ್ಜಿಯ ಬೆಳ್ಳಿ ಗಿಲಕಿ, ಹೋಗಲಿಲ್ಲ. ಮರದ ಸೌಟು, ಹೋಗಲಿಲ್ಲ. ಕೊನೆಗೆ ಮೊಜಾರ್ಟ್ ಆನೆ ಎತ್ಕೊಂಡು ಹಿಂದೆ ಮುಂದೆ ನೋಡಿ ಕಣ್ಣನ್ನ ಹೆಬ್ಬೆರಳಲ್ಲಿ ಸ್ವಲ್ಪ ಎಬ್ಬಿದ್ರು, ಕಿತ್ಕೊಂಡು ಬಂತು. ಪೈಪಿಗೆ ಹಾಕಿದ್ರು. ಅಡಿಕೆಗಿಂತ ಬೇಗ ಬಿತ್ತು.

1,899 ರೂಪಾಯಿ ಆನೆ, ಒಂದೇ ಕಣ್ಣಲ್ಲಿ ಎಲ್ಲಾರನ್ನೂ ನೋಡ್ತಾ ಹಾಡ್ತು. ಭಾವ ಪಕ್ಕಕ್ಕೆ ಉಗಿದು ಬಂದು "ಫೈನ್ ಮೋಟಾರೇ" ಅಂದ್ರು. ಅಂಗಡಿ ಕಥೆ ಆಗ್ಲೇ ಹೇಳಿದ್ದೆ ಅವರಿಗೆ.

ಇಷ್ಟೆಲ್ಲ ಆದ್ರೂ ನಾನು ಯಾವುದಕ್ಕೂ ಬೆರಗಾಗಿರಲಿಲ್ಲ, ಕೊನೇ ಡಬ್ಬಿ ಬಿಚ್ಚೋವರೆಗೆ. ಒಳಗೆ ಬೆಳ್ಳಗೆ ಕಡುಬಿನ ಗಾತ್ರದ ಒಂದು ಮಷೀನು, ಮಗು ಮಲಗಕ್ಕೆ ಸದ್ದು ಮಾಡೋದಂತೆ. ಇಪ್ಪತ್ತು ಥರ ಸದ್ದಿದೆ, ಫ್ಯಾನಿಂದು, ಸಮುದ್ರದ್ದು, ಎದೆ ಬಡಿತದ್ದು. ಅಳಿಯ ಸೆಲೆಕ್ಟ್ ಮಾಡಿ ಕಳಿಸಿದ್ದು ನಾಲ್ಕನೇ ನಂಬರು, ದಟ್ಟ ಕಾಡಿನ ಮಳೆ.

ತಿಂಗಳು ಜುಲೈ ಮಾರಾಯ್ರೇ. ಊರಿಂದ ಆಗುಂಬೆ ಇಷ್ಟೇ ದೂರ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯೋ ಜಾಗ. ಹತ್ತು ದಿನದಿಂದ ಮಗು ಬಟ್ಟೆ ಒಣಗಿಲ್ಲ, ಒಲೆ ಮೇಲೆ ದಾರ ಕಟ್ಟಿ ಹೊಗೆ ವಾಸನೆ ಹಿಡಿಸ್ಕೊಂಡು ಒಣಗಿಸ್ತಿದ್ದಾರೆ. ಬಚ್ಚಲು ಮನೆ ತಗಡಿನ ಮೇಲೆ ಬೀಳೋ ಸದ್ದಿಗೆ ನಾವು ಒಬ್ರಿಗೊಬ್ರು ಕೂಗಾಡ್ಕೊಂಡು ಮಾತಾಡ್ತಿದ್ದೀವಿ. ಅಂಥ ಮನೇಲಿ ತೊಟ್ಟಿಲ ಪಕ್ಕ ಮಷೀನ್ ಇಟ್ಟು, ಬಟನ್ ಒತ್ತಿ, ಮಳೆ ಆನ್ ಮಾಡಿದ್ವಿ. ಕೇಳಿಸ್ತಾ ಇದೆಯಾ ಅಂತ ನೋಡಕ್ಕೆ ಒಬ್ಬೊಬ್ರೇ ಕಿವಿ ಇಟ್ಟು ನೋಡಿದ್ವಿ. ಅಜ್ಜಿನೂ ಕಿವಿ ಇಟ್ಟು "ಇದು ಎಲ್ಲಿ ಮಳೆ?" ಅಂತು. ಚೀನಾದ್ದು ಅಂದೆ. "ಅಲ್ಲೂ ಜೋರಿದೆ ಹಂಗಾದ್ರೆ" ಅಂತು.

ಎಂಟು ಗಂಟೆಗೆ ಲೈನ್ ಮೇಲೆ ಎಲ್ಲೋ ಮರ ಬಿತ್ತು, ಕರೆಂಟ್ ಹೋಯ್ತು. ಚಾರ್ಜ್ ಇರಲಿಲ್ಲ ಅನ್ಸುತ್ತೆ, ಹತ್ತು ನಿಮಿಷಕ್ಕೆ ಚೀನಾ ಮಳೆ ನಿಂತೋಯ್ತು. ಮಗು ಎದ್ದೇಳುತ್ತಾ ಅಂತ ಎಲ್ಲಾರೂ ಉಸಿರು ಹಿಡ್ಕೊಂಡು ಕೂತ್ವಿ. ಮುಷ್ಟಿ ಕೆನ್ನೆ ಕೆಳಗಿಟ್ಕೊಂಡು ನಿದ್ದೆ ಹೊಡೀತಾ ಇತ್ತು.

ಅಷ್ಟ್ರಲ್ಲಿ ಫೋನು. ನೆಟ್‌ವರ್ಕ್ ಸಿಗೋದು ಕೊಟ್ಟಿಗೆ ಮೂಲೇಲಿ ಮಾತ್ರ, ಕೊಡೆ ಹಿಡ್ಕೊಂಡು ಓಡಿದೆ. ಅಳಿಯ. "ಮಾವ, ಮಗು ಮಲಗ್ತಾ? ಮಷೀನ್ ಹಾಕಿದ್ರಾ?"

"ಮಲಗಿದೆ ಮಲಗಿದೆ" ಅಂತ ಕೂಗ್ದೆ.

ಸ್ವಲ್ಪ ಹೊತ್ತು ಅವನು ಆ ಕಡೆಯಿಂದ ಸುಮ್ನೆ ಕೇಳಿಸ್ಕೊಂಡ. "ಹಾ, ಕೇಳಿಸ್ತಿದೆ. ತುಂಬ ಜೋರಾಯ್ತು ಮಾವ, ಕೆನಡಾದಲ್ಲಿ ಇಂಥ 14 ಮಷೀನ್ ಟೆಸ್ಟ್ ಮಾಡಿ 2014ರಲ್ಲಿ ವರದಿ ಕೊಟ್ಟಾಗ ಮೂರು 85 ಡೆಸಿಬೆಲ್ ದಾಟಿದ್ವಂತೆ, ಮಗು ಕಿವಿಗೆ ಒಳ್ಳೇದಲ್ಲ. ಸ್ವಲ್ಪ ವಾಲ್ಯೂಮ್ ಕಡಿಮೆ ಮಾಡ್ತೀರಾ?"

ಕೊಡೆ ಅಂಚಿಂದ ಮೇಲೆ ನೋಡಿದೆ.

"ಬಟನ್ ಹುಡುಕ್ತೀನಿ ತಡಿ" ಅಂದೆ.