ಕರೆಂಟು ನಮ್ಮದು, ಮಾಡೆಲ್ಲು ಅವರದು

‘ನಿಮ್ಮ ಡೇಟಾ ನಿಮ್ಮ ಫೋನ್ ಬಿಟ್ಟು ಆಚೆ ಹೋಗಲ್ಲ.’ ವೈಟ್‌ಫೀಲ್ಡ್ ಕಡೆಯ ಸ್ಟಾರ್ಟಪ್ಪುಗಳಿಗೆ ಈಗ ಇದೇ ಗಾಯತ್ರಿ ಮಂತ್ರ. ಫೆಡರೇಟೆಡ್ ಲರ್ನಿಂಗ್ ಅಂತೆ. ಗೂಗಲ್ 2017ರಲ್ಲೇ ಫೋನಿನಲ್ಲಿ ಟೈಪ್ ಮಾಡೋ ತನ್ನ ಕೀಬೋರ್ಡಿನಲ್ಲಿ ಪ್ರಯೋಗ ಮಾಡಿದ್ದು, ನಮ್ಮವರಿಗೆ ಈಗ ಮೈಮೇಲೆ ಬಂದಿದೆ.

ಉಪಾಯ ಸೊಗಸಾಗಿದೆ, ಎರಡು ಮಾತಿಲ್ಲ. ಕಂಪನಿಯ ಸರ್ವರು ಮಾಡೆಲ್ಲನ್ನು, ಅಂದರೆ ನಿಮ್ಮ ಮುಂದಿನ ಪದ ಊಹಿಸೋ ಪ್ರೋಗ್ರಾಮನ್ನು, ನಿಮ್ಮ ಫೋನಿಗೆ ಕಳಿಸುತ್ತದೆ. ನೀವು ಗೊರಕೆ ಹೊಡೆಯುವಾಗ ಫೋನು ನೀವು ಟೈಪ್ ಮಾಡಿದ್ದರಿಂದ ಪಾಠ ಕಲಿಯುತ್ತದೆ. ಮೆಸೇಜು ಅಲ್ಲೇ ಉಳಿಯುತ್ತದೆ, ಮಾಡೆಲ್ಲಿನ ತಿದ್ದುಪಡಿ ಮಾತ್ರ ವಾಪಸ್ ಹೋಗುತ್ತದೆ. ಹೀಗೆ ಬಂದದ್ದನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಹೊಸ ಮಾಡೆಲ್ ರೆಡಿ. ಕರೆಂಟು, ವೈಫೈ, ಬ್ಯಾಟರಿ ನಮ್ಮದು. ಬಿಟ್ಟಿ ಚಾಕರಿ, ಅದೂ ನಮ್ಮಿಂದಲೇ ಥ್ಯಾಂಕ್ಸ್ ಹೇಳಿಸಿಕೊಂಡು!

ಅಷ್ಟಕ್ಕೂ ಈ ಊರಲ್ಲಿ ಗುಟ್ಟು ಉಳಿದಿರೋದಾದರೂ ಎಲ್ಲಿ? ಜಯನಗರದಲ್ಲಿ ಬನಿಯನ್ ಕೊಂಡರೂ ‘ಸರ್, ಫೋನ್ ನಂಬರ್?’ ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಂಬರು, ಫೋಟೊ, ಯಾರ ಮನೆಗೆ, ಯಾಕೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಧ ಏರಿಯಾದ ಆಧಾರ್ ಕಾರ್ಡುಗಳು ಆರಾಮಾಗಿ ಮಲಗಿವೆ. ವಾಟ್ಸಾಪಿನಲ್ಲಿ ಕಳಿಸಿದವರು ನಾವೇ. 2023ರಲ್ಲಿ ಸಂಸತ್ತು ಡೇಟಾ ರಕ್ಷಣೆಗೆ ಕಾಯ್ದೆ ಮಾಡಿತಲ್ಲ, ಬೇಕಾದರೆ ಅದರ ಪ್ರಿಂಟೂ ಅದೇ ಅಂಗಡಿಯಲ್ಲಿ ತೆಗೆಸಬಹುದು. ಇಂಥ ಊರಲ್ಲಿ ಕೀಬೋರ್ಡಿಗೊಂದು ಮಡಿ!

ಆ ಮಡಿಯೂ ಪೂರ್ತಿ ಅಲ್ಲ. ಕಳಿಸಿದ ತಿದ್ದುಪಡಿಯಿಂದಲೇ ಮೂಲ ಫೋಟೊ, ಮಾತುಗಳನ್ನು ಹೆಕ್ಕಬಹುದು ಅಂತ ಸಂಶೋಧಕರು 2019ರಲ್ಲೇ ತೋರಿಸಿದ್ದಾರೆ. ತಡೆಯೋಕೆ ದಾರಿಗಳಿವೆ. ಹಾಕಿದ್ದೀರಾ ಅಂತ ಕಸ್ಟಮರ್ ಕೇರಿಗೆ ಕೇಳಿ ನೋಡಿ. ‘ಮೊದಲು ನಿಮ್ಮ ಮೊಬೈಲ್ ನಂಬರ್ ಹೇಳಿ ಸರ್.’

ನನಗೆ ನಗು ಬರದಿರೋದು ಬೇರೆ ವಿಷಯಕ್ಕೆ. ಕಲಿಯೋ ಫೋನು ಚಾರ್ಜಿಗೆ ಹಾಕಿರಬೇಕು, ಸುಮ್ನೆ ಬಿದ್ದಿರಬೇಕು, ವೈಫೈ ಇರಬೇಕು. ಗೂಗಲ್ಲಿನ ಪ್ರಯೋಗದಲ್ಲಿ ಕನಿಷ್ಠ 2 ಜಿಬಿ ಮೆಮೊರಿಯೂ ಬೇಕಿತ್ತು. ಕೋರಮಂಗಲದ ಫೋನು ಪಾಸು. ಪೀಣ್ಯದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳದ್ದು? ಮನೆಗೆ ವೈಫೈ ಇಲ್ಲ. ಇಡೀ ಮನೆಗೆ ಒಂದೇ ಚಾರ್ಜರು. ದಿನದ ಡೇಟಾ ಸಂಜೆಗೇ ಖಾಲಿ. ನಿಧಾನದ ಫೋನಿಗೆ ಸರ್ವರು ಕಾಯೋದೂ ಇಲ್ಲ, ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತದೆ. ಜಾಸ್ತಿ ಟೈಪ್ ಮಾಡಿದವರ ಪಾಠಕ್ಕೆ ಸರಾಸರಿಯಲ್ಲಿ ತೂಕವೂ ಜಾಸ್ತಿ. ಅವಳ ಕನ್ನಡ ಅಲ್ಲಿಗೆ ಬಂದು ಮುಟ್ಟೋದೇ ಇಲ್ಲ. ಆಮೇಲೆ ‘ಎಲ್ಲರಿಂದ ಕಲಿತ ಮಾಡೆಲ್’ ಅನ್ನುತ್ತೀರಿ. ಎಲ್ಲರೂ ಅಂದರೆ ಯಾರು ಸ್ವಾಮಿ? ನೀರಿಗೂ ಹೀಗೇ, ಬಸ್ಸಿಗೂ ಹೀಗೇ. ಕೇಳಿ ಕೇಳಿ ಸಾಕಾಗಿದೆ.

ಎಷ್ಟು ಫೋನು ಹೊರಗುಳಿದವು, ಯಾವ ಏರಿಯಾದವು, ಲೆಕ್ಕ ಕೊಡಿ ನೋಡೋಣ. ಕೊಡಲ್ಲ. ಅದು ಪ್ರೈವಸಿ ವಿಷಯವಂತೆ.